ಟೋಪುವಿನ ಬುಟ್ಟಿ, ಬಸಣ್ಣ ಕಾಕಾನ ಕೂಗು

ಸಿನಿಮಾ ಅರ್ಧಕ್ಕೆ ಬಂದಿತ್ತು. ಬಸಣ್ಣ ಕಾಕಾ ಎದ್ದರು.

ಎದ್ದರು ಅಂದರೆ ನಿಂತರು ಅಂತಲ್ಲ. ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ. ನಾವೆಲ್ಲ ಕೂತಿದ್ದು ಟ್ರ್ಯಾಕ್ಟರ್ ಟ್ರಾಲಿಯ ಕೆಳಗೆ! ಎಳ್ಳು ಅಮಾವಾಸ್ಯೆಗೆಂದು ಕಲಬುರಗಿಯಿಂದ ಕಮಲಾಪುರಕ್ಕೆ, ಕಾಕಾನ ಹೊಲಕ್ಕೆ ಹೋಗಿದ್ದೆವು. ಊಟ ಮುಗಿದಿತ್ತು. ಬಿಸಿಲಿಗೆ ಲ್ಯಾಪ್‌ಟಾಪಿನ ಸ್ಕ್ರೀನಿನಲ್ಲಿ ನಮ್ಮ ಮುಖಗಳೇ ಕಾಣುತ್ತಿದ್ದವು, ಸಿನಿಮಾ ಕಾಣುತ್ತಿರಲಿಲ್ಲ. ಅದಕ್ಕೆ ಟ್ರಾಲಿಯ ಸುತ್ತ ಕೌದಿ ಇಳಿಬಿಟ್ಟು, ಕೆಳಗೆ ತೂರಿಕೊಂಡು ಥಿಯೇಟರ್ ಮಾಡಿದ್ದೆವು. (ಟಿಕೆಟ್ ಇರಲಿಲ್ಲ. ಶೇಂಗಾ ಹೋಳಿಗೆ ಇತ್ತು.)

ಕಾಕಾ ಕೌದಿ ಸರಿಸಿ, ತೆವಳಿಕೊಂಡು ಹೊರಗೆ ಹೋದರು. ನಾನು ಮಗಳು ದಾನೇಶ್ವರಿಯ ಮುಖ ನೋಡಿದೆ. ಅಳುವುದೊಂದೇ ಬಾಕಿ.

ಒಬ್ಬ ಹಿರಿಯರು ಎದ್ದು ಹೋದರೆ ಅಳುವುದೇನಿದೆ ಅಂತೀರಾ? ಅದನ್ನು ಹೇಳಬೇಕಾದರೆ ಟೋಪುವಿನಿಂದ ಶುರು ಮಾಡಬೇಕು.

ಟೋಪು ಒಂದು ಕಾರ್ಟೂನ್. ಯಾವುದೋ ದೂರದ ದೇಶದ್ದು. ಒಂದು ಪುಟ್ಟ ರೈಲು ಸ್ಟೇಷನ್ನಿನ ಮಾಸ್ತರ ಈ ಟೋಪು. ತಲೆಗಿಂತ ದೊಡ್ಡ ಟೊಪ್ಪಿಗೆ, ಅದರ ಕೆಳಗೆ ಎರಡು ಪುಟ್ಟ ಕೈ, ಎರಡು ಕಾಲು. ನಡುವೆ ದೇಹ ಇದೆಯೋ ಇಲ್ಲವೋ ದೇವರೇ ಬಲ್ಲ. ಮಾತಿಲ್ಲ, ಬರೀ ಸೀಟಿ ಊದುತ್ತಾನೆ. ಅವನ ಸ್ಟೇಷನ್ನಿನಲ್ಲಿ ಯಾವ ರೈಲೂ ನಿಲ್ಲುವುದಿಲ್ಲ. ಪ್ರತಿ ಕಥೆಯಲ್ಲೂ ಒಂದು ರೈಲು ಧಡಧಡ ಹಾದುಹೋಗುತ್ತದೆ, ಕಿಟಕಿಯಿಂದ ಏನೋ ಒಂದು ಬೀಳುತ್ತದೆ. ಒಂದು ಕೊಡೆ. ಒಂದು ತುತ್ತೂರಿ. ಒಂಟಿ ಚಪ್ಪಲಿ. ಟೋಪು ಅದನ್ನು ಒರೆಸಿ, ಕಪಾಟಿನಲ್ಲಿಟ್ಟು, ಕಳೆದುಕೊಂಡವರು ಬರುತ್ತಾರೆಂದು ಬೆಂಚಿನ ಮೇಲೆ ಕಾಯುತ್ತಾನೆ. ಯಾರೂ ಬರುವುದಿಲ್ಲ. ಅಲ್ಲಿಗೆ ಕಥೆ ಖತಂ.

ಮೊದಲ ಸಲ ನೋಡಿದಾಗ ನನಗೆ ಸಿಟ್ಟೇ ಬಂತು.

“ಇಷ್ಟೇ ಏನು? ಆ ಚಪ್ಪಲಿ ಯಾರದ?” ಅಂದೆ.

“ಅದನ್ನ ನಾವು ಹೇಳಬೇಕು ಮಮ್ಮಿ,” ಅಂದಳು ದಾನಿ.

ನಾವು ಹೇಳಬೇಕಂತೆ! ಹೇಳುವವರು ಕಡಿಮೆ ಇದ್ದಾರೆಯೇ? ಜಗತ್ತಿನ ಮೂಲೆಮೂಲೆಯಲ್ಲಿ ಟೋಪುವಿನ ಫ್ಯಾನ್‌ಗಳಿದ್ದಾರೆ. ಆ ಒಂಟಿ ಚಪ್ಪಲಿಯ ಮೇಲೆ ಕಥೆ ಬರೆದವರಿದ್ದಾರೆ, ಹಾಡು ಕಟ್ಟಿದವರಿದ್ದಾರೆ, ಇನ್ನೊಂದು ಚಪ್ಪಲಿ ಎಲ್ಲಿ ಬಿತ್ತು ಅಂತ ಸಿನಿಮಾ ತೆಗೆದವರಿದ್ದಾರೆ. ಇದರಲ್ಲಿ ಕಸ ಇಲ್ಲವೇ? ಬೇಕಾದಷ್ಟಿದೆ. ನಾನೇ ನೋಡಿ ಆಕಳಿಸಿದ್ದೇನೆ. ಆದರೆ ಕೆಲವಿವೆ ನೋಡಿ, ಮೂಲವನ್ನೇ ಪಕ್ಕಕ್ಕೆ ಸರಿಸಿ ಕೂರುವಂಥವು. ಚಪ್ಪಲಿಯ ಹಾಡು ಕೇಳಿ ನಾನು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡದ್ದು ಸುಳ್ಳಲ್ಲ. (ಈರುಳ್ಳಿ ಹೆಚ್ಚುತ್ತಿರಲಿಲ್ಲ.)

ಬೇರೆ ಕಾರ್ಟೂನ್‌ಗಳಿಗೆ ಹೀಗಾಗುವುದಿಲ್ಲವಲ್ಲ, ಯಾಕೆ? ಅವೂ ಚೆನ್ನಾಗಿರುತ್ತವೆ. ಆದರೆ ಅವುಗಳಲ್ಲಿ ಎಲ್ಲ ಮೊದಲೇ ತುಂಬಿರುತ್ತದೆ. ಹೀರೊ ಯಾರು, ಕೇಡಿಗ ಯಾರು, ಯಾವಾಗ ನಗಬೇಕು, ಕೊನೆಗೆ ಏನು ಕಲಿಯಬೇಕು, ಎಲ್ಲ! ನೋಡಿದಿರಿ, ಚಪ್ಪಾಳೆ ಹೊಡೆದಿರಿ, ಎದ್ದು ಹೋದಿರಿ. ನಿಮಗೆ ಕೂರಲು ಜಾಗ ಎಲ್ಲಿದೆ? ಟೋಪುವಿನ ಬೆಂಚಿನ ಮೇಲೆ ಜಾಗವಿದೆ. ಮೇಲಾಗಿ ಟೋಪುವನ್ನು ನಾನೂ ಬಿಡಿಸಬಲ್ಲೆ. ಟೊಪ್ಪಿಗೆ, ಕೈ, ಕಾಲು, ಅಷ್ಟೆ. ಶಾಲೆಯಲ್ಲಿ ಚಿತ್ರಕಲೆ ಮೇಷ್ಟರು ನನ್ನ ಆನೆಯನ್ನು ಗುಡ್ಡ ಅಂದುಕೊಂಡಿದ್ದರು, ಅಂಥ ಕೈ ಇದು!

ಇರಲಿ, ಬುಟ್ಟಿಗೆ ಬರೋಣ.

ಈಚಿನ ಒಂದು ಕಥೆಯಲ್ಲಿ ರೈಲಿನಿಂದ ಒಂದು ಬುಟ್ಟಿ ಬಿತ್ತು. ಮೇಲೆ ಬಟ್ಟೆ ಕಟ್ಟಿದ ಬುಟ್ಟಿ. ಟೋಪು ಒಳ್ಳೆಯ ಮನುಷ್ಯ, ಬಿಚ್ಚಿ ನೋಡಲಿಲ್ಲ. ಒಳಗೇನಿತ್ತು? ಫ್ಯಾನ್‌ಗಳ ನಡುವೆ ಮಹಾಯುದ್ಧವೇ ಶುರುವಾಯಿತು. ಬೆಕ್ಕಿನ ಮರಿ ಅಂದರು ಕೆಲವರು. ಉಣ್ಣೆಯ ಉಂಡೆ ಅಂದರು ಇನ್ನು ಕೆಲವರು. ದಾನಿಯ ಕಾಲೇಜಿನ ಗೆಳತಿ ನಾಜ್ನೀನ್‌ಳ ಅಮ್ಮಿ, ಶಹಾಬಜಾರದ ತಮ್ಮ ಮನೆಯಲ್ಲಿ ಮಗಳ ಹೆಗಲ ಮೇಲಿಂದ ಇಣುಕಿ, “ಚೂಡ್ಯಾ ಹೈಂ ಉಸ್ಮೆ, ಪಕ್ಕಾ!” ಅಂದರಂತೆ. ಬಳೆ ತುಂಬಿದ ಬುಟ್ಟಿಯನ್ನು ಯಾರಾದರೂ ಕಿಟಕಿಯ ಹತ್ತಿರ ಇಡುತ್ತಾರೆಯೇ ಅಂತ ತಾಯಿ ಮಗಳಿಗೆ ಜಗಳ.

ದಾನಿಗೆ ಮಾತ್ರ ಅನುಮಾನವೇ ಇರಲಿಲ್ಲ. ಅದು ಎಳ್ಳು ಅಮಾವಾಸ್ಯೆಯ ಬುಟ್ಟಿ! ಯಾರೋ ಹೆಂಗಸು ಹೊಲಕ್ಕೆ ಹೊರಟಿದ್ದಾಳೆ, ಬುಟ್ಟಿಯಲ್ಲಿ ಸೊಪ್ಪು, ಕಾಳು, ತರಕಾರಿ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡಬು. ಬುಟ್ಟಿ ಬಿದ್ದಿದೆ, ರೈಲು ನಿಂತಿಲ್ಲ. ಈಗ ಟೋಪು ಏನು ಮಾಡಬೇಕು? ಹಬ್ಬ ತಪ್ಪಬಾರದಲ್ಲ! ಹಳಿಯ ಪಕ್ಕದ ನೆಲಕ್ಕೆ ತಾನೇ ಚರಗ ಚೆಲ್ಲುತ್ತಾನೆ. ಉಣ್ಣುವ ಮೊದಲು ಭೂಮಿತಾಯಿಗೆ ಊಟ ಕೊಡುವುದು, ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತ ಹೋಗುವುದು, ಅದೇ ಚರಗ.

ಇದನ್ನೇ ಪುಟ್ಟ ಸಿನಿಮಾ ಮಾಡಲು ದಾನಿ ಚಿತ್ರ ಬಿಡಿಸಿದಳು, ನಾಜ್ನೀನ್ ಸದ್ದು ಕೂಡಿಸಿದಳು. ನನ್ನ ರೊಟ್ಟಿ ಹಂಚಿನ ಮೇಲೆ ಚಮಚ ಬಡಿದು ರೈಲು ಓಡಿಸಿದರು. ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ ಹಗಲೆಲ್ಲ ಇದೇ ಗಲಾಟೆ. ಪರೀಕ್ಷೆ ಹತ್ತಿರ ಬರುತ್ತಿತ್ತು. ನಮ್ಮ ಮನೆಯವರ ಹುಬ್ಬು ಮೇಲೇರುತ್ತಿತ್ತು.

ನಮ್ಮ ಮನೆಯವರಿಗೆ ನೆಹರು ಗಂಜ್‌ನಲ್ಲಿ ಬೇಳೆ ವ್ಯಾಪಾರ. ಅವರ ನ್ಯಾಯವೆಲ್ಲ ಅಲ್ಲಿಂದಲೇ ಬರುವುದು.

“ಬ್ಯಾರೇ ಮಂದೀ ಮಾರ್ಕಿನ ಚೀಲದಾಗ ನಮ್ಮ ಬ್ಯಾಳಿ ತುಂಬಿ ಮಾರಿದ್ರ ಗಂಜಿನಾಗ ಏನಂತಾರ ಗೊತ್ತದೇನು? ಕಳ್ಳ ಅಂತಾರ. ಇದೂ ಅದೇ. ಬ್ಯಾರೇದವರ ಗೊಂಬಿ, ನೀ ಕತಿ ತುಂಬಾಕತ್ತೀ. ನಿನ್ನದ ಅಂತ ಏನರ ಮಾಡು.”

“ನಾ ಮಾರಾಕತ್ತಿಲ್ಲಪ್ಪಾ. ಟೋಪು ನನ್ನಾಂವ ಅಂತನೂ ಹೇಳಾಕತ್ತಿಲ್ಲ,” ಅಂದಳು ಮಗಳು.

ನಾನು ಸುಮ್ಮನಿರುವವಳೇ? “ಭಜ್ಜಿ ನೀವ ಕಂಡುಹಿಡಿದ್ರೇನ್ರೀ? ಯಾರೋ ಹಿಂದಿನವರು ಮಾಡಿದ್ದು. ವರ್ಷಾ ವರ್ಷಾ ಮನಿಮನಿಯಾಗ ಮಾಡ್ತಾರ, ಒಂದು ಮನೀದು ಇನ್ನೊಂದು ಮನೀದರಂಗ ಇರಂಗಿಲ್ಲ. ನಿಮ್ಮ ಕಾಕು ಮಾಡಿದ ಭಜ್ಜಿ ಮೂರು ಸಲ ಹಾಕಿಸ್ಕೊಂಡು ತಿಂತೀರಿ. ಅದು ಕಳುವಿನ ಭಜ್ಜಿ ಏನು?”

(ಕಾಕು ಅಂದರೆ ಬಸಣ್ಣ ಕಾಕಾನ ಹೆಂಡತಿ.) ಭಜ್ಜಿಯ ವಿಷಯದಲ್ಲಿ ನಮ್ಮ ಮನೆಯವರು ಎಂದೂ ವಾದ ಮಾಡುವುದಿಲ್ಲ. ಆದರೆ ವ್ಯಾಪಾರಿ ನೋಡಿ, ಕೊನೆಗೊಂದು ಕರಾರು ಹಾಕಿದರು. ಎಳ್ಳು ಅಮಾವಾಸ್ಯೆಗೆ ಹೋದಾಗ ಈ ಸಿನಿಮಾವನ್ನು ಕಮಲಾಪುರದ ಬಸಣ್ಣ ಕಾಕಾನ ಮುಂದೆ ಹಚ್ಚಬೇಕು. ಕಾಕಾ ಕೊನೆತನಕ ಕೂತು ನೋಡಿದರೆ ಅಪ್ಪ ಇನ್ನು ಚಕಾರ ಎತ್ತುವುದಿಲ್ಲ. ಎದ್ದು ಹೋದರೆ ದಾನಿಯ ಚಿತ್ರ ಬಿಡಿಸುವ ಟ್ಯಾಬ್, ಪೆನ್ನು ಎರಡೂ ಪರೀಕ್ಷೆ ಮುಗಿಯುವವರೆಗೆ ಅಪ್ಪನ ಕಪಾಟಿಗೆ.

ಎಂಥ ಮೋಸ! ಬಸಣ್ಣ ಕಾಕಾ ಅಂದರೆ ನನ್ನ ಮಾವನವರ ತಮ್ಮ. ಯಾವುದನ್ನೂ ಕೊನೆತನಕ ಕೂತು ನೋಡಿದವರೇ ಅಲ್ಲ. ಮದುವೆಯಲ್ಲಿ ಅಕ್ಷತೆ ಬೀಳುವ ಮೊದಲೇ ಎದ್ದು ಊಟದ ಸಾಲಿಗೆ ಹೋಗಿರುತ್ತಾರೆ. ಪ್ರವಚನದಲ್ಲಿ ಸ್ವಾಮಿಗಳು ಕಣ್ಣು ಮುಚ್ಚಿದ್ದೇ ತಡ, ಇವರು ಚಪ್ಪಲಿ ಹುಡುಕುತ್ತಿರುತ್ತಾರೆ. ಕೆಂಪು ಬಾಳೆ ಚೆನ್ನಾಗಿ ಬೆಳೆದರೆಂದು ಊರವರು ಸನ್ಮಾನ ಇಟ್ಟುಕೊಂಡಾಗ ಅಲ್ಲಿಂದಲೂ ನಡುವೆಯೇ ಎದ್ದು ನಡೆದಿದ್ದರು. ಶಾಲು ಹಿಡಿದವರು ಹಿಂದೆ ಓಡಬೇಕಾಯಿತು!

ಅಂಥ ಕಾಕಾ ಈಗ ಟ್ರಾಲಿಯ ಕೆಳಗಿಂದ ಹೊರಗೆ ಹೋಗಿದ್ದರು. ಸ್ಕ್ರೀನಿನ ಮೇಲೆ ಟೋಪು ಪಾಪ, ಪುಟ್ಟ ಕೈಯಿಂದ ಚರಗ ಚೆಲ್ಲುತ್ತಿದ್ದ. ನಮ್ಮ ಮನೆಯವರು ಸಣ್ಣಗೆ ಕೆಮ್ಮಿದರು. ಆ ಕೆಮ್ಮು ಕೇಳಿ ನನಗೆ ಮೈಯೆಲ್ಲ ಉರಿಯಿತು. ದಾನಿ ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದಳು.

ಆಗ ಹೊರಗಿನಿಂದ ಬಂತು ನೋಡಿ.

“ಹುಲ್ಲುಲ್ಲಿಗೋ...!”

(ಚರಗ ಚೆಲ್ಲುವಾಗಿನ ಕೂಗು ಇದು. ಮುಂದಿನ ಮಾತು ಊರಿಂದ ಊರಿಗೆ ಬೇರೆ. ನಾನೊಂದು ಬರೆದರೆ ನೀವು ಫೋನ್ ಮಾಡಿ ಜಗಳಕ್ಕೆ ನಿಲ್ಲುತ್ತೀರಿ. ನಿಮ್ಮ ಊರಿನದನ್ನೇ ಸೇರಿಸಿಕೊಳ್ಳಿ.)

ಏನು ಕೂಗು ಅದು! ಜೋಳದ ಹೊಲ ದಾಟಿ, ಕುಸುಬೆಯ ಹೊಲ ದಾಟಿ ಹೋಯಿತು. ದೂರದ ಹೊಲದಿಂದ ಯಾರೋ ತಿರುಗಿ ಕೂಗಿದರು. ಕೌದಿ ಸರಿಯಿತು, ಕಾಕಾನ ರುಮಾಲು ಸುತ್ತಿದ ತಲೆ ಒಳಗೆ ಬಂತು.

“ಏ ದಾನಿ, ಆ ಟೊಪ್ಪಿಗಿಯಾಂವ ಬಾಯಿ ಮುಚ್ಕೊಂಡು ಚರಗ ಚೆಲ್ಲಾಕತ್ಯಾನಲ್ಲವಾ! ಭೂಮಿತಾಯಿಗೆ ಹೆಂಗ ಗೊತ್ತಾಗಬೇಕು, ಊಟಕ್ಕ ಕರ್ಯಾಕತ್ಯಾರಂತ? ಕೂಗಬೇಕು!”

ತಪ್ಪು ಎಲ್ಲಾಗಿತ್ತು ಅಂತ ನನಗೆ ತಕ್ಷಣ ಹೊಳೆಯಿತು. ಕಲಬುರಗಿಯಿಂದ ಕಮಲಾಪುರ ಎಷ್ಟು ದೂರ? ಆದರೂ ನಾವು ಮನೆ ಬಿಡುವುದರೊಳಗೆ ಇಲ್ಲಿ ಪೂಜೆ, ಚರಗ ಎಲ್ಲ ಮುಗಿದಿರುತ್ತದೆ. ನಾವು ತಲುಪುವುದು ಸರಿಯಾಗಿ ಊಟಕ್ಕೆ ಕೂರುವ ಹೊತ್ತಿಗೆ! ದಾನಿ ಚರಗ ನೋಡಿದ್ದು ವಾಟ್ಸ್ಆ್ಯಪ್ ಫೋಟೋಗಳಲ್ಲಿ. ಫೋಟೋದಲ್ಲಿ ಕೂಗು ಕೇಳಿಸುತ್ತದೆಯೇ?

“ಅಜ್ಜಾ, ಟೋಪು ಮಾತಾಡಂಗಿಲ್ಲ. ಸೀಟಿ ಅಷ್ಟ ಊದ್ತಾನ,” ಅಂದಳು ದಾನಿ, ಸಣ್ಣ ದನಿಯಲ್ಲಿ.

“ಅಂವ ಮಾತಾಡಂಗಿಲ್ಲಂದ್ರ ಬ್ಯಾರೇದವರು ಕೂಗ್ತಾರ. ಚರಗ ಒಬ್ಬನ ಕೆಲಸೇನು? ಒಬ್ಬಾಂವ ಚೆಲ್ಲಬೇಕು, ಒಬ್ಬಾಂವ ಕೂಗಬೇಕು. ಅಂವ ಚೆಲ್ಲಲಿ. ನಾ ಕೂಗ್ತೀನಿ, ತುಂಬ್ಕೋ ನಿನ್ನ ಮಷೀನಿನಾಗ.”

ನಮ್ಮ ಜೊತೆ ಹಬ್ಬಕ್ಕೆ ಬಂದಿದ್ದ ನಾಜ್ನೀನ್ ಆಗಲೇ ಫೋನ್ ಹಿಡಿದು ಹೊರಗೆ ತೆವಳುತ್ತಿದ್ದಳು. “ಅಜ್ಜಾ, ಮತ್ತೊಮ್ಮೆ ಕೂಗ್ರಿ. ಗಾಳಿ ಭಾಳ ಅದ, ಆ ಕಡೀ ಹೊಳ್ಳಿ ನಿಂದರ್ರಿ!” ಮನೆಯಲ್ಲಿ ಯಾರ ಮಾತೂ ಕೇಳದ ಕಾಕಾ ಅವಳು ಹೇಳಿದ ಕಡೆಗೆಲ್ಲ ತಿರುಗಿ ನಿಂತರು.

ಆಮೇಲೆ ಕಾಕಾ ಮತ್ತೆ ತೂರಿಕೊಂಡು ಬಂದು, “ಮೊದಲಿಂದ ಹಚ್ಚವಾ,” ಅಂದರು. ಅಷ್ಟರಲ್ಲಿ ಕಾಕು ಬಾಯಿ ಹಾಕಿದರು. “ಬುಟ್ಟಿ ಬೀಳಿಸಿದಾಕಿ ಉಪಾಸ ಹೋದಳೇನು ಹಂಗಾದ್ರ?” ಮತ್ತೆ ಕಾಕುವೇ, “ಭಜ್ಜಿ ಹಸರ ಬಣ್ಣ ಹಚ್ಚೀದಿ. ಹುಣಸೆಹಣ್ಣು ಹಾಕಿದ್ರ ಹಿಂಗ ಇರ್ತದೇನು?” ಕೂತವರೆಲ್ಲ ಶುರು ಮಾಡಿದರು. ಬುಟ್ಟಿಗೆ ಕೆಂಪು ಬಾಳೆಹಣ್ಣು ಸೇರಿಸು ಅಂದರು ಒಬ್ಬರು. ಟೋಪುವಿಗೆ ರುಮಾಲು ಸುತ್ತು ಅಂದರು ಇನ್ನೊಬ್ಬರು. ಸ್ವಲ್ಪ ಹೊತ್ತಿನ ಮೊದಲು ಟೋಪು ಯಾರೆಂದು ಗೊತ್ತಿಲ್ಲದ ಮಂದಿ ಇವರು!

ನಮ್ಮ ಮನೆಯವರು ಮೆಲ್ಲಗೆ ತಮ್ಮ ಕರಾರು ನೆನಪಿಸಲು ನೋಡಿದರು. “ಕಾಕಾ, ನೀವು ನಡುವ ಎದ್ದು ಹೋದ್ರಿ ಖರೆ...”

“ಏ ಶರಣ್ಯಾ, ಸರಕೊಂಡು ಕೂಡು. ಸಿನಿಮಾ ಕಾಣವಲ್ದು,” ಅಂದರು ಕಾಕಾ. (ನಮ್ಮ ಮನೆಯವರು ಕಾಕಾನಿಗೆ ಇನ್ನೂ ಶರಣ್ಯಾ.)

ಅಲ್ಲಿಗೆ ತೀರ್ಪು ಬಂತು. ನಾನು ನಕ್ಕಿದ್ದು ಟ್ರಾಲಿಗೆಲ್ಲ ಕೇಳಿಸಿರಬೇಕು. ಎಷ್ಟು ಖುಷಿಯಾಯಿತು ಅಂದರೆ, ಏಳಲು ಹೋಗಿ ತಲೆ ಬಡಿಸಿಕೊಂಡೆ.

ಮುಂದಿನ ಭಾನುವಾರವೇ ಕಾಕಾನ ಕೂಗು ಸೇರಿದ ಸಿನಿಮಾ ಟೋಪು ಫ್ಯಾನ್‌ಗಳ ಪೇಜಿಗೆ ಹೋಯಿತು. ಎಷ್ಟು ಜನ ನೋಡಿದರೋ ಕೇಳಬೇಡಿ, ದಾನಿ ಹೇಳುತ್ತಲೇ ಇರುತ್ತಾಳೆ, ನಾನು ಲೆಕ್ಕ ಇಟ್ಟಿಲ್ಲ. ಹಿಮ ಬೀಳುವ ಯಾವುದೋ ಊರಿನ ಹುಡುಗ ಬಾಲ್ಕನಿಯಿಂದ ಹಕ್ಕಿಗಳಿಗೆ ಬ್ರೆಡ್ಡಿನ ಚೂರು ಚೆಲ್ಲುತ್ತ, ಕಾಕಾನಂತೆಯೇ ಕೂಗಲು ಹೋಗಿ ಕೆಮ್ಮಿದ ವಿಡಿಯೊ ಬಂತು. ಇನ್ಯಾರೋ ರೈಲಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗುವ ರುಮಾಲಿನ ಮುದುಕನ ಚಿತ್ರ ಬರೆದರು. ಕಾಕಾನ ಮುಖವನ್ನು ಅವರು ನೋಡಿಲ್ಲ, ದನಿ ಕೇಳಿಯೇ ಬರೆದದ್ದು. ಕಮಲಾಪುರಕ್ಕೆ ಕಳಿಸಿದೆವು. ಕಾಕಾನ ಫೋನ್ ಬಂತು. “ಮೀಸಿ ಸಣ್ಣ ಆಗ್ಯಾವ. ದೊಡ್ಡವು ಮಾಡಂತ ಹೇಳು.”

ನೋಡಿದಿರಾ? ಇಲ್ಲೊಂದು ತಪ್ಪು, ಅಲ್ಲೊಂದು ಖಾಲಿ ಜಾಗ. “ಹಂಗಲ್ಲ, ಹಿಂಗ” ಅನ್ನುತ್ತ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುತ್ತಾರೆ. ಸಂಬಳ ಇಲ್ಲ, ಬಡ್ತಿ ಇಲ್ಲ. ಮೂಲದ ಟೋಪುವನ್ನು ಮಾಡಿದವರೂ ಬೈಯುವುದಿಲ್ಲ, ಚೆನ್ನಾಗಿದ್ದರೆ ತಮ್ಮ ಪೇಜಿನಲ್ಲಿ ಹಾಕುತ್ತಾರೆ. ಪ್ರೀತಿ ಇದ್ದಲ್ಲಿ ಸುಮ್ಮನೆ ಕೂರಲಾಗುವುದಿಲ್ಲ, ಅಷ್ಟೇ ಇದರ ಗುಟ್ಟು ಅಂತ ನನಗನ್ನಿಸುತ್ತದೆ. ಚೆಲ್ಲುವವರು ಒಬ್ಬರು, ಕೂಗುವವರು ಒಬ್ಬರು. ಪರೀಕ್ಷೆ? ಅದಕ್ಕೂ ಓದುತ್ತಿದ್ದಾಳೆ. (ಅಪ್ಪ ಕೇಳಿದಾಗ ಇನ್ನೂ ಜೋರಾಗಿ ಓದುತ್ತಾಳೆ.)

ಮೊನ್ನೆ ಬೆಳಿಗ್ಗೆ ಕಾಕಾ ಕಮಲಾಪುರದಿಂದ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಕೆಂಪು ಬಾಳೆಯ ಗೊನೆ. ನಮ್ಮನ್ನು ನೋಡಲು ಬಂದರೆಂದು ಖುಷಿಪಟ್ಟೆ. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

“ದಾನಿ ಎಲ್ಲಿದ್ದಾಳ? ಆ ಬುಟ್ಟಿ ಬೀಳಿಸಿದ ಹೆಣ್ಣುಮಗಳು ಇನ್ನಾ ರೈಲಿನಾಗೇ ಕುಂತಾಳ. ನಿಮ್ಮ ಕಾಕು ನನ್ನ ತೆಲಿ ತಿನ್ನಾಕತ್ಯಾಳ, ಆಕಿನ್ನ ಉಪಾಸ ಕಳಸಬ್ಯಾಡ್ರಿ ಅಂತ. ಮನಿ ಮುಟ್ಟಿಸಬೇಕವಾ ಆಕಿನ್ನ. ನಾ ಹೇಳ್ತೀನಿ, ದಾನಿ ಬರೀಲಿ.”

ದಾನಿಯ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಆಕೆ ಎಲ್ಲಿ ಇಳಿದಳು, ಯಾರು ಎದುರುಗೊಂಡರು, ಯಾರ ಮನೆಯಲ್ಲಿ ಎರಡು ರೊಟ್ಟಿ ಕೊಟ್ಟರು, ಎಲ್ಲ ಶುರುವಾಯಿತು. ಮಧ್ಯಾಹ್ನವಾಯಿತು. ಬಿಸಿ ರೊಟ್ಟಿ ಬಡಿದು, ಎಣ್ಣೆಗಾಯಿ ಬಡಿಸಿ, ಬಾಗಿಲಲ್ಲಿ ನಿಂತು ಕರೆದೆ. ಮತ್ತೆ ಕರೆದೆ.

ಅಕ್ಷತೆಗೂ ಕಾಯದ ಕಾಕಾ ಊಟಕ್ಕೆ ಕರೆದರೂ ಏಳಲಿಲ್ಲ!