ಇಲ್ಲದ ಚೆಂಡಿಗೆ ಗುರಿ

ಭಾನುವಾರ ಬಂದರೆ ಮಗಳು ಮೈಸೂರಿನ ಹಾಸ್ಟೆಲಿನಿಂದ ನಂಜನಗೂಡಿನ ಮನೆಗೆ ಬರುತ್ತಾಳೆ. ಅವರಮ್ಮನ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. ನನ್ನ ಜೊತೆ? 'ಊಟ ಆಯ್ತಾ?' 'ಆಯ್ತಪ್ಪ.' ಅಲ್ಲಿಗೆ ಮುಗಿಯಿತು. ಇದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಅವಳು ಗೆಳತಿಯರ ಜೊತೆ, ಕೋಲಿನಿಂದ ಚೆಂಡು ಹೊಡೆದು ಮೇಜಿನಂಚಿನ ಪಾಕೆಟ್ಟಿಗೆ ಬೀಳಿಸುವ ಪೂಲ್ ಆಟ ಆಡುತ್ತಾಳೆಂದು ಹೆಂಡತಿ ಹೇಳಿದ್ದೇ ತಡ, ಐವತ್ತು ದಾಟಿದ ಈ ಮಹಾನುಭಾವ ಫೋನ್ ಹಿಡಿದು ಪೂಲ್ ಕಲಿಯಲು ಕೂತ.

ವೀಡಿಯೊದಲ್ಲಿ ಒಬ್ಬಾತ ವಿವರಿಸುತ್ತಿದ್ದ: ಬಣ್ಣದ ಚೆಂಡಿನ ಹಿಂದೆ, ಪಾಕೆಟ್ಟಿಗೆ ನೇರವಾಗಿ, ಅದಕ್ಕೆ ತಾಗಿಕೊಂಡು ಇನ್ನೊಂದು ಚೆಂಡಿದೆ ಎಂದು ಕಲ್ಪಿಸಿಕೊಳ್ಳಿ, ಬಿಳಿ ಚೆಂಡನ್ನು ಹೊಡೆದು ಆ ಜಾಗಕ್ಕೆ ಕಳಿಸಿ, ಬಣ್ಣದ್ದು ತಾನಾಗಿ ಪಾಕೆಟ್ಟಿಗೆ ಬೀಳುತ್ತದೆ. ನಾನು ಹಿರಿಹಿರಿ ಹಿಗ್ಗಿದೆ. ನನ್ನದು ಸರ್ವೆ ಕೆಲಸ. ತಿ. ನರಸೀಪುರ, ಹೆಮ್ಮಿಗೆ ಕಡೆಯ ಗದ್ದೆಗಳಲ್ಲಿ ಯಾರೋ ಕಿತ್ತೆಸೆದ ಎಲ್ಲೆಕಲ್ಲು ಎಲ್ಲಿತ್ತೆಂದು ನಕ್ಷೆ ಹಿಡಿದು ಹುಡುಕುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಇಲ್ಲದ್ದನ್ನು ಕಾಣುವುದನ್ನು ನನಗೆ ಹೇಳಿಕೊಡಬೇಕೆ?

ಮುಂದಿನ ಭಾನುವಾರ ಅವಳನ್ನು ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿಯ ಮೇಲಿನ ಪೂಲ್ ಹಾಲ್‌ಗೆ ಕರೆದುಕೊಂಡು ಹೋದೆ. 'ನೀನು ಆಡ್ತೀಯಾ?' ಎಂದು ಎರಡು ಸಲ ಕೇಳಿದಳು.

ಮೇಜಿನ ಸುತ್ತ ಒಂದು ಸುತ್ತು ಹಾಕಿದೆ. ಪಾಕೆಟ್ಟಿನ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದೆ. ಇಲ್ಲದ ಚೆಂಡು ಕಾಣಿಸಿತು. ಕಂಡ ಜಾಗವನ್ನು ಗುರುತು ಹಾಕದೆ ಬಿಟ್ಟು ನನಗೆ ಅಭ್ಯಾಸವಿಲ್ಲ. ಕೋಲಿನ ತುದಿಗೆ ಹಚ್ಚುವ ನೀಲಿ ಚಾಕ್ ತೆಗೆದುಕೊಂಡು ಹಸಿರು ಬಟ್ಟೆಯ ಮೇಲೆ ದಪ್ಪನೆಯ ಕತ್ತರಿ ಗುರುತು ಎಳೆದೇಬಿಟ್ಟೆ.

'ಸಾ, ಏನ್ ಸಾ ಇದು!' ಹಾಲ್‌ನ ಮಾಲೀಕರು ಓಡಿ ಬಂದರು. 'ಅದು ಟೇಬಲ್ಲು ಕಣ್ ಸಾ, ಒಲ ಅಲ್ಲ!'

ಕರ್ಚೀಫಿನಿಂದ ಉಜ್ಜಿದೆ. ಗುರುತು ಇನ್ನಷ್ಟು ಅಗಲವಾಯಿತು. ಮಗಳು ಕಿಟಕಿಯ ಕಡೆ ತಿರುಗಿಕೊಂಡಳು.

ಆಮೇಲೂ ಇಲ್ಲದ ಚೆಂಡು ನನಗೆ ಸ್ಪಷ್ಟವಾಗಿ ಕಾಣುತ್ತಲೇ ಇತ್ತು. ಬಿಳಿ ಚೆಂಡಿಗೆ ಮಾತ್ರ ಕಾಣಲಿಲ್ಲ. ಎರಡು ಸಲ, ಬೀಳಬಾರದ ಅದೇ ಹೋಗಿ ಪಾಕೆಟ್ಟಿಗೆ ಬಿತ್ತು. ಪ್ರತಿ ಸಲವೂ ಅವಳು 'ಪರವಾಗಿಲ್ಲ' ಎಂದಳು, ನೆಂಟರಿಗೆ ಹೇಳುವ ಹಾಗೆ. ನನಗೆ ಭಯವಾಯಿತು. ಇನ್ನೊಂದು ಸಲ ಕರೆದರೆ ಇವಳು ಬರುವುದಿಲ್ಲ.

'ಅಪ್ಪ,' ಎಂದಳು ಕೊನೆಗೆ, 'ನಿನ್ನ ಗುರಿ ಸರಿಯಾಗೇ ಇದೆ. ಆದ್ರೆ ಹೊಡೆಯೋ ಹೊತ್ಗೆ ತಲೆ ಎತ್ತಿ ನನ್ ಮುಖ ನೋಡ್ತೀಯ. ಪ್ರತಿ ಸಲ.'

ಅದು ನನಗೆ ಗೊತ್ತೇ ಇರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು. ಅವಳಿಗೆ ಬೇಜಾರಾಯಿತೇನೋ ಎಂದು ನೋಡುತ್ತಿದ್ದೆ.

ಕೋಲಿನ ತುದಿಗೆ ಮತ್ತೆ ಚಾಕ್ ಹಚ್ಚತೊಡಗಿದೆ. ಅವಳು ಮೇಜು ಬಳಸಿ ಹೋಗಿ, ನಾನು ಗುರಿಯಿಟ್ಟಿದ್ದ ಪಾಕೆಟ್ಟಿನ ಹಿಂದೆ ನಿಂತಳು.

'ಈಗ ನನ್ ಮುಖ ನೋಡ್ಕೊಂಡೇ ಹೊಡಿ.'

ಹೊಡೆದೆ. ಬಣ್ಣದ ಚೆಂಡು ಪಾಕೆಟ್ಟಿನ ಅಂಚಿಗೆ ಬಡಿದು ನನ್ನ ಹತ್ತಿರಕ್ಕೇ ವಾಪಸ್ ಬಂತು.

'ಇನ್ನೊಂದ್ ಸಲ,' ಎಂದಳು. ಅಲ್ಲಿಂದ ಕದಲಲಿಲ್ಲ.