ಮನೆದೇವ್ರು ಯಾವ್ದು ಸಾರ್?

ಮದ್ದೂರಿನಲ್ಲಿ ಮನೆ ಬಾಡಿಗೆಗೆ ಕೊಡುವವರು ಬಲು ಸಂಭಾವಿತರು. ಜಾತಿ ಕೇಳುವುದೇ ಇಲ್ಲ. ಯಾವೂರು, ಊರಲ್ಲಿ ಯಾವ ಬೀದಿ, ಬೀದಿಯಲ್ಲಿ ಯಾರ ಮನೆ ಪಕ್ಕ, ಮನೆದೇವರು ಯಾವುದು ಎಂದಷ್ಟೇ ವಿಚಾರಿಸುತ್ತಾರೆ. ಅಷ್ಟಾದ ಮೇಲೂ ಜಾತಿ ಗೊತ್ತಾಗದಿದ್ದರೆ ತಪ್ಪು ನಮ್ಮದು.

ನನಗೆ ಆ ಊರಿಗೆ ವರ್ಗವಾಗಿತ್ತು. ಸೋಮವಾರ ಮಗಳ ಶಾಲೆ ಶುರು. ಆಗಲೇ ನಾಲ್ಕು ಮನೆ ಕೈತಪ್ಪಿದ್ದವು. ಐದನೆಯದನ್ನು ನೋಡಲು ಅಪ್ಪನೂ ಮಳವಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದ. ಬರಬೇಡ ಎಂದೇ ಹೇಳಿದ್ದೆ.

ದೇವರ ವಿಷಯದಲ್ಲಿ ನಮ್ಮದು ಅನುಕೂಲಸ್ಥ ಕುಟುಂಬ. ತಾತನಿಗೆ ಮಾರಮ್ಮ. ಅಪ್ಪ ನಡುವಯಸ್ಸಿನಲ್ಲಿ ಬೌದ್ಧನಾದ. ನಾನು ಎದುರಿಗೆ ಕೂತವರ ಮುಖ ನೋಡಿ ಎರಡರಲ್ಲಿ ಒಂದು ಹೇಳುತ್ತೇನೆ. ಮಗಳು ಅರ್ಜಿಗಳಲ್ಲಿ ಧರ್ಮದ ಜಾಗವನ್ನು ಖಾಲಿ ಬಿಡುತ್ತಾಳೆ. ಅವಳಿಗೆ ಗೊತ್ತಾಗದಂತೆ ನಾನು ತುಂಬುತ್ತೇನೆ.

ಮನೆಯೊಡತಿ ಕಾಫಿ ಕೊಟ್ಟು, "ಮನೆದೇವ್ರು ಯಾವ್ದು ಸಾರ್?" ಎಂದರು.

"ಬುದ್ಧ," ಎಂದೆ.

ಆಕೆಯ ಮುಖ ಅರಳಿತು. "ಅಯ್ಯೋ, ಒಳ್ಳೇದಾಯ್ತು ಬುಡಿ. ಸಾಂತಿ, ಧ್ಯಾನ, ಸೊಪ್ಪು ತರಕಾರಿ. ನಮ್ಮ ಮಗ್ಳೂ ಮೊಬೈಲ್ ನೋಡ್ಕಂಡು ಧ್ಯಾನ ಮಾಡ್ತಾಳೆ."

ಇನ್ನಷ್ಟು ಶಾಂತವಾಗಿ ಕಾಣಲೆಂದು ಕಣ್ಣು ಅರೆ ಮುಚ್ಚಿದೆ. ಬೆಳಿಗ್ಗೆ ತಿಂದ ಕುರಿ ಬೋಟಿ ಗೊಜ್ಜು ಹೊಟ್ಟೆಯಲ್ಲಿ ಸುಮ್ಮನಿತ್ತು.

ಬೀಗದಕೈ ನನ್ನ ಅಂಗೈಗೆ ಬಂತು. ಮಗಳ ಶಾಲೆ ಎರಡೇ ಬೀದಿ ಆಚೆ. ಎಷ್ಟು ಖುಷಿಯಾಯಿತೆಂದರೆ ಆಕೆಯ ಮುಂದಿನ ಮಾತಿಗೂ ತಲೆಯಾಡಿಸಿಬಿಟ್ಟೆ: "ಮುಚ್ಚುಮರೆ ಯಾಕೆ ಸಾರ್, ಊರಾಚೆ ಬೀದಿಯೋರ್ಗೆ ಮಾತ್ರ ಕೊಡಬಾರ್ದು ಅಂತ ಆರು ತಿಂಗ್ಳಿಂದ ಖಾಲಿ ಇಟ್ಕಂಡಿದ್ದೆ."

ಅಪ್ಪ ಲೋಟ ಕೆಳಗಿಟ್ಟ. "ನಮ್ದು ಊರಾಚೆ ಬೀದೀನೇ ಕಣಮ್ಮ. ಮೊದ್ಲೇ ನೆಟ್ಟಗೆ ಕೇಳಿದ್ರೆ ನಿಮ್ಮ ಕಾಫಿನಾದ್ರೂ ಉಳೀತಿತ್ತು."

ಆಕೆ ಬೀಗದಕೈ ವಾಪಸು ತೆಗೆದುಕೊಂಡರು. "ಯಜಮಾನ್ರನ್ನ ಒಂದ್ಮಾತು ಕೇಳಿ ಫೋನ್ ಮಾಡ್ತೀನಿ ಸಾರ್," ಎಂದರು. ಯಜಮಾನರು ಆಕೆಯ ಹಿಂದಿನ ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡು ನಗುತ್ತಿದ್ದರು.

ಬೀದಿಗೆ ಬಂದದ್ದೇ ಅಪ್ಪನ ಮೇಲೆ ಹರಿಹಾಯ್ದೆ. "ಬುದ್ಧ ಅಂದಿದ್ದು ಸುಳ್ಳಾ? ನೀನೇ ತಾನೇ ಅವನನ್ನ ಮನೆಗೆ ತಂದಿದ್ದು?"

"ನಾನೇ ಕಣ್ಲಾ," ಎಂದ ಅಪ್ಪ. "ನೀನು ತಲೆ ಎತ್ಕಂಡು ಓಡಾಡ್ಲಿ ಅಂತ ತಂದೆ. ಅವನ ಬೆನ್ನಿಂದೆ ಬಚ್ಚಿಟ್ಕಳ್ಳಾಕಲ್ಲ."