ತೆಂಗಿನ ಮರಕ್ಕೆ ಸುತ್ತಿದ ನೀಲಿ ವೈರು

ನಮ್ಮ ಮನೆಗೂ ನನ್ನ ಓರಗಿತ್ತಿಯ ಮನೆಗೂ ನಡುವೆ ಒಂದು ಗೋಡೆ, ಒಂದು ತೆಂಗಿನ ಮರ. ಬೆಂಗಳೂರಿನ ಬಿಟಿಎಂ ಲೇಔಟ್ ಆಗುವ ಮೊದಲು ಅಲ್ಲೆಲ್ಲ ನಮ್ಮ ರಾಗಿ ಹೊಲ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಮೂಲೆ ಸೈಟು ಮೈದುನನಿಗೆ ಹೋಯಿತು, ಮರವೂ ಅವನಿಗೇ ಹೋಯಿತು. ಕಾಯಿ ಬೀಳುವುದು ಅವಳ ಅಂಗಳಕ್ಕೆ, ಒಣಗಿದ ಗರಿ ಬೀಳುವುದು ನನ್ನ ಅಂಗಳಕ್ಕೆ. ಹೊಟ್ಟೆಕಿಚ್ಚು ನನಗೆ ಹೊಸದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಎರಡು ಸಾವಿರದ ಇಸವಿ ಕಳೆದ ಮೇಲೆ ಇಬ್ಬರೂ ಮಹಡಿ ಎತ್ತರಿಸಿ ಕಾಲೇಜು ಹುಡುಗರಿಗೆ ಹಾಸ್ಟೆಲ್ ಮಾಡಿದೆವು. ನಾನು ಓದಿದ್ದು ಮೂರನೇ ಕ್ಲಾಸು, ಅಡುಗೆ ನಾನೇ ಮಾಡುತ್ತಿದ್ದೆ. ಅವಳು ಎಸ್ಸೆಸ್ಸೆಲ್ಸಿ, ಅಡುಗೆಗೆ ಭಟ್ಟನನ್ನು ಇಟ್ಟುಕೊಂಡಳು. ನನಗಿಂತ ನಾಲ್ಕೇ ವರ್ಷ ಚಿಕ್ಕವಳು. ತಲೆಗೆ ಬಣ್ಣ ಹಾಕುತ್ತಿದ್ದಳು, ಅದಕ್ಕೆ ಹುಡುಗರ ಬಾಯಲ್ಲಿ ಅವಳು ಆಂಟಿ, ನಾನು ಅಜ್ಜಿ.

ಅವಳ ಹಾಸ್ಟೆಲಿನಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇಂಟರ್ನೆಟ್. ಗೇಟಿಗೆ ಹಾಗೆಂದು ಬೋರ್ಡನ್ನೂ ಹಾಕಿಸಿದ್ದಳು. ನಮ್ಮಲ್ಲಿ ಸಂಜೆ ಆರರಿಂದ ಎಂಟು, ಅಷ್ಟೇ. ಹುಡುಗರ ಅಪ್ಪಂದಿರೇ ನನ್ನ ಮಗನಿಗೆ ಫೋನ್ ಮಾಡಿ, ಕಂಪ್ಯೂಟರಿನಲ್ಲಿ ಗುಂಡು ಹಾರಿಸೋ ಆಟ ಆಡಿ ಆಡಿ ಮಕ್ಕಳು ಫೇಲಾಗ್ತಿದಾರೆ, ಕಟ್ ಮಾಡಿ ಸ್ವಾಮಿ ಅಂದಿದ್ದರು. ಇಂಟರ್ನೆಟ್ಟಿನ ಡಬ್ಬಿ ನನ್ನ ರೂಮಿನಲ್ಲಿ, ರಾಗಿ ಹಿಟ್ಟಿನ ಡಬ್ಬದ ಪಕ್ಕ ಇತ್ತು. ಎಂಟಕ್ಕೆ ನಾನು ಸ್ವಿಚ್ ಒತ್ತಿದರೆ ಮೇಲಿಂದ ಎಲ್ಲರೂ ಒಟ್ಟಿಗೆ “ಅಯ್ಯೋ ಅಜ್ಜೀ!” ಎಂದು ಕೂಗುತ್ತಿದ್ದರು. ಎರಡು ನಿಮಿಷಕ್ಕೆ ಎಲ್ಲರೂ ಕೆಳಗೆ, ಕೈಯಲ್ಲಿ ತಟ್ಟೆ. ಆ ಕೂಗು ಕೇಳುವುದಕ್ಕೆಂದೇ ಕೆಲವು ದಿನ ಐದು ನಿಮಿಷ ಮುಂಚೆ ಒತ್ತಿದ್ದೂ ಉಂಟು.

ಊಟಕ್ಕೆ ಕೂತರೆ ಅರ್ಧ ಗಂಟೆ ಮಾತು. ಯಾರಿಗೆ ಯಾವ ಮೇಷ್ಟ್ರು ಬೈದರು, ಯಾರಿಗೆ ಯಾವ ಹುಡುಗಿ ತಿರುಗಿ ನೋಡಲಿಲ್ಲ, ಎಲ್ಲ ನನಗೆ ಗೊತ್ತಿತ್ತು. ಗದಗಿನ ಕಡೆಯ ಹುಡುಗನೊಬ್ಬ ಮೊದಲ ದಿನ ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿದ. ನುಂಗುವುದನ್ನು ನಾನೇ ಕಲಿಸಿದೆ. ಆ ಅರ್ಧ ಗಂಟೆ ನನ್ನದು. ಬೋರ್ಡು ಹಾಕಿಸಿದವಳಿಗೆ ಅದು ಇರಲಿಲ್ಲ.

ಒಂದು ವರ್ಷ ದಸರಾ ರಜೆ ಮುಗಿಸಿ ಬಂದ ಮೇಲೆ ಆ ಕೂಗು ನಿಂತುಹೋಯಿತು. ಸ್ವಿಚ್ ಒತ್ತಿದೆ, ಮೇಲೆ ಸದ್ದಿಲ್ಲ. ಪ್ಲಗ್ಗನ್ನೇ ಕಿತ್ತೆ. ಆಗಲೂ ಮೇಲೆ ನಗು, “ಹೊಡಿ ಮಗಾ, ಹಿಂದೆ ಇದಾನೆ!” ಅನ್ನುವ ಗಲಾಟೆ. ಒಂಬತ್ತಕ್ಕೆ ಬಂದು ಆರಿದ ಮುದ್ದೆ ನುಂಗಿ, ಕೈ ತೊಳೆದು, ಮತ್ತೆ ಮೇಲೆ. ಅರ್ಧ ಗಂಟೆಯ ಮಾತೂ ಹೋಯಿತು. ಹದಿನೈದು ದಿನ ಹೀಗೇ ನಡೆಯಿತು.

ಒಂದು ಭಾನುವಾರ ಮಧ್ಯಾಹ್ನ ಗರಿ ಗುಡಿಸುತ್ತಾ ತಲೆ ಎತ್ತಿದೆ. ನಮ್ಮ ಎರಡನೇ ಮಹಡಿಯ ಕಿಟಕಿಯಿಂದ ಒಂದು ನೀಲಿ ವೈರು ತಾರಸಿ ಹಾದು, ತೆಂಗಿನ ಮರಕ್ಕೆ ಒಂದು ಸುತ್ತು ಸುತ್ತಿಕೊಂಡು, ನೇರ ಅವಳ ಮನೆಯ ಕಿಟಕಿಗೆ ಹೋಗಿತ್ತು. ಅರ್ಥವಾಯಿತು. ನಾನು ನೆಟ್ ಕಟ್ ಮಾಡಿದರೆ ಇವರು ಅವಳ ಮನೆಯಿಂದ ಎಳೆದುಕೊಳ್ಳುತ್ತಿದ್ದಾರೆ. ನನ್ನ ಮುದ್ದೆ ತಿಂದ ಹುಡುಗರು ಅವಳ ಬಾಗಿಲಿಗೆ ಕೈಯೊಡ್ಡಿದ್ದಾರೆ.

ಅವಳು ಗೋಡೆಯ ಆಚೆ ಕಾಯಿ ಆಯುತ್ತಿದ್ದಳು.

“ಏನಕ್ಕಾ, ನಿಮ್ಮ ಹುಡುಗ್ರೂ ನನ್ನ ಹುಡುಗ್ರೂ ಈಗ ಸಖತ್ ದೋಸ್ತಿ ಅಂತೆ?”

“ನನಗೇನೇ ಗೊತ್ತು.”

“ಹೊತ್ತು ನೋಡ್ಕೊಂಡು ನೆಟ್ ಕೊಟ್ರೆ ಈ ಕಾಲದ ಹುಡುಗ್ರು ನಿಲ್ತಾರಾ ಅಕ್ಕಾ? ನೀವೂ ಸ್ವಲ್ಪ ಬದಲಾಗಿ.”

“ಬದಲಾಗ್ತೀನಿ, ಇರು,” ಅಂದೆ.

ಅಡುಗೆಮನೆ ಬಾಗಿಲ ಹಿಂದೆ ಹೊಲ ಇದ್ದ ಕಾಲದ ಕುಡುಗೋಲು ನೇತುಹಾಕಿತ್ತು. ತಾರಸಿಗೆ ಹೋಗಿ ಒಂದೇ ಏಟಿಗೆ ವೈರನ್ನು ಕೊಯ್ದೆ. ರಾಗಿ ತೆನೆಗಿಂತ ಸಲೀಸಾಗಿ ಬಂತು.

ಎರಡೂ ಮನೆಯಿಂದ ಒಟ್ಟಿಗೆ ಬೊಬ್ಬೆ ಎದ್ದಿತು. ಅವಳ ಮನೆಯದೇ ಜೋರು. ಗದಗಿನ ಹುಡುಗ ಮೆಟ್ಟಿಲು ಹಾರಿಕೊಂಡು ಬಂದ. ನನ್ನ ಕೈ ನೋಡಿದ, ವೈರು ನೋಡಿದ.

“ಏನ್ ಮಾಡಿದ್ರಿ ಅಜ್ಜಿ ಇದು!”

“ಅವಳ ಮನೆ ನೆಟ್ ನಿಮಗ್ಯಾಕೋ? ನಾಚಿಕೆ ಆಗಲ್ವಾ?”

“ಅವ್ರ ನೆಟ್ ಯಾರಿಗೆ ಬೇಕ್ರಿ? ನೀವು ಎಂಟಕ್ಕ ಬಂದ್ ಮಾಡ್ತೀರಂತನ ನೆಟ್ ಇಲ್ದ ಆಡೋ ಹಂಗ ಮಾಡ್ಕೊಂಡೇವಿ. ಕಂಪ್ಯೂಟರಿಗೆ ಕಂಪ್ಯೂಟರ್ ಜೋಡಿಸಿದ್ರ ಸಾಕ್ರಿ. ಆಟ ನಡಿಯೂದು ನಮ್ಮ ರೂಮಿನ್ಯಾಗ. ಆ ಮನಿ ಹುಡುಗ್ರು ವೈರ್ ಹಿಡದು ನಮ್ಮ ಕಡೆ ಬರ್ತಾರ್ರಿ.”

“ಅವರಿಗೆ ಇಡೀ ದಿನ ನೆಟ್ ಇದೆಯಲ್ಲೋ?”

“ಐತ್ರಿ. ಎತ್ತಿನ ಗಾಡಿ ಹೋದಂಗ ಹೋಗ್ತದ.”

ಕುಡುಗೋಲು ಹಿಡಿದು ಹಾಗೇ ನಿಂತೆ. ಅವಳ ಹುಡುಗರು ದಿನಾ ನನ್ನ ಮನೆಗೆ ಬರುತ್ತಿದ್ದರು, ನಾನೇ ದಾರಿ ಕಡಿದಿದ್ದೆ.

ಭಾನುವಾರ, ವೈರಿನ ಅಂಗಡಿ ತೆರೆದಿರಲಿಲ್ಲ. ಅರ್ಧ ಗಂಟೆಯಲ್ಲಿ ಅವಳ ಹುಡುಗರು ಐದು ಜನ ಗೇಟು ತಳ್ಳಿಕೊಂಡು ಬಂದರು. ಆಗಿನ ಕಂಪ್ಯೂಟರೆಂದರೆ ಒಬ್ಬೊಬ್ಬರದೂ ಒಂದು ಹೆಣಭಾರ, ಬೆಡ್‌ಶೀಟಿನಲ್ಲಿ ಸುತ್ತಿ ತಬ್ಬಿಕೊಂಡಿದ್ದರು. ನಮ್ಮ ಹಾಲಿನಲ್ಲೇ ಸಾಲಾಗಿ ಇಟ್ಟು ಆಟ ಶುರುಮಾಡಿದರು. ನಾನು ಬೇಡವೆನ್ನಲಿಲ್ಲ. ನಮ್ಮ ಆರು ಹುಡುಗರೂ ಸೇರಿ ಹನ್ನೊಂದು ಜನಕ್ಕೆ ಮುದ್ದೆ ತಿರುವಿದೆ, ಬಸ್ಸಾರು ಮಾಡಿದೆ. ಎಂಟಕ್ಕೆ ಎಲ್ಲರೂ ತಟ್ಟೆ ಹಿಡಿದರು.

ಅಷ್ಟರಲ್ಲಿ ಓರಗಿತ್ತಿ ಬಾಗಿಲಿಗೆ ಬಂದಳು.

“ಅಕ್ಕಾ, ನನ್ನ ಹುಡುಗ್ರು ಇಲ್ಲಿದಾರಾ? ಭಟ್ಟ ಮಾಡಿದ ಪಲಾವ್ ಹಾಗೇ ಇದೆ.”

“ಇದಾರೆ. ಉಣ್ತಾ ಇದಾರೆ. ನೀನೂ ಕೂತ್ಕೊ.”

ಅವಳು ಕೂರಲಿಲ್ಲ. ಮುದ್ದೆ ಅದ್ದುತ್ತಿದ್ದ ಕೈಗಳನ್ನು ಒಂದೊಂದಾಗಿ ನೋಡಿದಳು. ಅವಳ ಮುಖ ಹಾಗೆ ಸಣ್ಣಗಾಗಿದ್ದನ್ನು ನಾನು ಪಾಲಾದ ಮೇಲೆ ನೋಡಿರಲಿಲ್ಲ. ನನಗೆ ಸಂತೋಷವೇ ಆಯಿತು.

“ವೈರ್ ಕಟ್ ಮಾಡಿದ್ದು ಯಾರ್ರೋ?”

ನನ್ನ ಕೈ ಸೌಟಿನ ಮೇಲೆಯೇ ಇತ್ತು. ಗದಗಿನ ಹುಡುಗ ಬಾಯಲ್ಲಿದ್ದ ತುತ್ತನ್ನು ನುಂಗಿ, ತಲೆ ಎತ್ತದೆ ಹೇಳಿದ:

“ಇಲಿ ಕಡದಾವ್ರಿ ಆಂಟಿ.”

ಅವಳು ಅಡುಗೆಮನೆ ಬಾಗಿಲಿಗೆ ಒರಗಿಸಿದ್ದ ಕುಡುಗೋಲನ್ನು ನೋಡಿ, “ಇಲಿ ಕುಡುಗೋಲು ಹಿಡ್ಕೊಂಡ್ ಬಂದಿತ್ತೇನೋ,” ಅಂದಳು. ಹುಡುಗರಿಗೆ ನಗು ತಡೆಯಲಾಗದೆ ಸಾರು ಮೂಗಿಗೆ ಹತ್ತಿತು. ಅವಳು ಹೊರಟುಹೋದಳು.

ಮೂಲೆ ಸೈಟು ಅವಳಿಗೆ ಬಂದಿತ್ತು, ಮರ ಅವಳಿಗೆ ಬಂದಿತ್ತು. ಗದಗಿನ ಹುಡುಗನ ಆ ಸುಳ್ಳು ನನ್ನ ಪಾಲಿಗೆ ಬಂತು. ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದೆ.

ಸೋಮವಾರ ಹೊಸ ವೈರು ತಂದು ಕಟ್ಟಿದರು. ಅವಳ ಹುಡುಗರು ಅವಳ ಮನೆಯಲ್ಲೇ ಉಂಡರು. ನಾನು ಎಂಟಕ್ಕೆ ಸ್ವಿಚ್ ಒತ್ತಿದೆ, ಯಾರೂ ಕೂಗಲಿಲ್ಲ, ಒಂಬತ್ತಕ್ಕೆ ಬಂದರು. ಹೊಸ ವೈರನ್ನು ಈ ಸಲ ಮರದಲ್ಲಿ ಗೊನೆಯ ಹತ್ತಿರ, ತಾರಸಿಯಿಂದಲೂ ನನ್ನ ಕೈಗೆ ಎಟುಕದಷ್ಟು ಮೇಲೆ ಸುತ್ತಿದ್ದರು. ಎಟುಕಿದ್ದರೆ ಮತ್ತೆ ಕೊಯ್ಯುತ್ತಿದ್ದೆ.